ಮೇಲ್ಮನೆ ಅಕ್ಕ ಹೇಳಿದ ಕೊನೆಯ ಕಂತು

ಮೇಲ್ಮನೆ ಅಕ್ಕನ ಎಡಗೆನ್ನೆ ಯಾವಾಗಲೂ ಒಂದಿಷ್ಟು ಉಬ್ಬಿರುತ್ತಿತ್ತು. ಎಲೆಅಡಿಕೆ ಹಾಕುತ್ತಾರೆಂದು ನಮ್ಮ ಬೀದಿಯವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಒಮ್ಮೆ ನಮ್ಮ ಅಂಗಡಿಯ ಮುಂದೆ ನಿಂತು ಮಾತಾಡುತ್ತಿರುವಾಗ ಬಾಯಿಂದ ಹಳದಿ ಕಡ್ಡಿಯ ಚೂರೊಂದನ್ನು ತೆಗೆದು, ತಿರುಗಿಸಿ ನೋಡಿ, ಮತ್ತೆ ಕೆನ್ನೆಯೊಳಗೆ ಸೇರಿಸಿಕೊಂಡರು. ಜ್ಯೇಷ್ಠಮಧು, ಗಂಟಲಿಗೆ ಒಳ್ಳೆಯದು ಎಂದರು. ಏಪ್ರಿಲ್ ಬಿಸಿಲಿನಲ್ಲೂ ಅವರ ಕುತ್ತಿಗೆಗೆ ಹತ್ತಿಯ ಶಾಲು ಸುತ್ತಿರುತ್ತಿತ್ತು. ಫ್ರಿಜ್ಜಿನ ನೀರು ಮುಟ್ಟುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಐಸ್‌ಕ್ರೀಮಿನ ಬಟ್ಟಲು ಬಂದರೆ ಪಕ್ಕದವರ ಕಡೆ ಸರಿಸಿಬಿಡುತ್ತಿದ್ದರು. ಗಂಟಲನ್ನು ಇಷ್ಟು ಜೋಪಾನ ಮಾಡುವವರು ಹಾಡುಗಾರರೇ ಇರಬೇಕು ಅಂದುಕೊಂಡೆ. ಆದರೆ ಅವರು ಒಂದು ಸಾಲನ್ನೂ ಹಾಡಿದ್ದು ನಾನು ಕೇಳಲಿಲ್ಲ.

ಯಲಹಂಕದ ಪಕ್ಕದ ಅಟ್ಟೂರಿನಲ್ಲಿ ನಮ್ಮದು ಮೂರಂತಸ್ತಿನ ಕಟ್ಟಡ. ಕೆಳಗೆ ನಾನು ನಡೆಸುವ ಟೈಲ್ಸ್ ಅಂಗಡಿ, ಅದರ ಮೇಲೆ ನಾನೂ ಅಪ್ಪನೂ, ನಮ್ಮ ಮೇಲೆ ಬಾಡಿಗೆಯವರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಈ ಜಾಗದಲ್ಲಿ ಮೊದಲು ನಮ್ಮ ದ್ರಾಕ್ಷಿ ಚಪ್ಪರವಿತ್ತು, ಆಚೆ ರಾಗಿ ಹೊಲವಿತ್ತು ಎಂದು ಅಪ್ಪ ಹೇಳುತ್ತಿದ್ದ. ಗದಗಿನ ಕಡೆಯಿಂದ ಬಂದ ಆ ದಂಪತಿ ಮೇಲಿನ ಮನೆಗೆ ಬಂದಾಗ ಗಂಡನಿಗೆ ಯಲಹಂಕದ ಕಾರ್ಖಾನೆಯೊಂದರಲ್ಲಿ ಕೆಲಸ ಅಂತ ಗೊತ್ತಾಯಿತು. ಹೆಂಡತಿ ಏನು ಮಾಡುತ್ತಾರೆಂದು ನಾವು ಕೇಳಲಿಲ್ಲ. ವಾರಕ್ಕೆ ಕೆಲವು ದಿನ ಬೆಳಿಗ್ಗೆ ಬಸ್ಸು ಹತ್ತಿ ಹೆಬ್ಬಾಳದ ಕಡೆ ಹೋಗಿ ಸಂಜೆ ಬರುತ್ತಿದ್ದರು, ಅಷ್ಟೇ. ನಮ್ಮಿಬ್ಬರಿಗೂ ಅವರು ಮೇಲ್ಮನೆ ಅಕ್ಕ.

ಆಗ ನಾನೂ ಅಪ್ಪನೂ ಒಂದು ಸೀರಿಯಲ್ಲಿನ ಹುಚ್ಚಿನಲ್ಲಿದ್ದೆವು. ಹೊರದೇಶದ್ದು, ಕನ್ನಡಕ್ಕೆ ಡಬ್ ಆಗಿ ಬರುತ್ತಿತ್ತು. ಸೂರ್ಯನೇ ಹುಟ್ಟದ ಹಿಮದ ನಾಡು, ಸಿಂಹಾಸನಕ್ಕೆ ಬಡಿದಾಡುವ ಮೂರು ಮನೆತನ, ಊರುಬಿಟ್ಟು ಓಡುವ ಒಬ್ಬ ಅಣ್ಣ ಮತ್ತು ತಂಗಿ, ಅವರನ್ನು ಹೊತ್ತು ನಡೆಯುವ ಒಂದು ಪ್ರಾಣಿ. ಮನೆಯಷ್ಟು ಎತ್ತರ, ಮೈತುಂಬ ಕಂಬಳಿಯಂಥ ಕೂದಲು, ಒಂದು ಕೊಂಬು ಮುರಿದದ್ದು. ಕಾಡಿನಲ್ಲಿ ಒಂಟಿಯಾಗಿರುವ ಒಬ್ಬ ಮುದುಕಿ ಅದನ್ನು ಸಾಕಿರುತ್ತಾಳೆ. ಅವಳು ಅದನ್ನು ‘ಬಸವಾ’ ಎಂದು ಕರೆಯುತ್ತಿದ್ದಳು. ನನಗೆ ಒಂದು ಮನೆತನದ ರಾಜಕುಮಾರನ ಮೇಲೆ ಕಣ್ಣು. ಫ್ಯಾನುಗಳ ವಾಟ್ಸಾಪ್ ಗುಂಪೊಂದರಲ್ಲಿ ಸೇರಿ ಯಾರು ಯಾರ ಮಗ, ಯಾವ ಕತ್ತಿ ಯಾರದು ಎಂದು ಜಗಳಾಡುತ್ತಿದ್ದೆ. ಅಪ್ಪನಿಗೆ ರಾಜರು ಬೇಕಿರಲಿಲ್ಲ. ಬಸವ ಬಂದರೆ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಊಟ ಮಾಡಿ ಮಲಗಿದ್ದವನು ಎದ್ದು ಕೂತು, ಟಿವಿ ಆಫ್ ಮಾಡು ಅಂದ. ಟಿವಿ ಆಫ್ ಆಗಿಯೇ ಇತ್ತು. ಆದರೆ ಮುದುಕಿಯ ದನಿ ಕೇಳುತ್ತಿತ್ತು. ‘ಬಸವಾ, ಹೊತ್ತಾತು, ಬಾರಪ್ಪಾ’ ಎಂದು ಒಂದೇ ಮಾತನ್ನು ಹತ್ತಾರು ಬಗೆಯಲ್ಲಿ ಕರೆಯುತ್ತಿತ್ತು. ಒಮ್ಮೆ ಸಿಟ್ಟಿನಿಂದ, ಒಮ್ಮೆ ಹೆದರಿ, ಒಮ್ಮೆ ಸುಮ್ಮನೆ ಅಭ್ಯಾಸಬಲದಿಂದ. ಅಪ್ಪ ಮೆಟ್ಟಿಲು ಹತ್ತಿ ಹೊರಟ. ಹಿಂದೆ ನಾನು. ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಗಳ ನಡುವೆ ಮೇಲ್ಮನೆ ಅಕ್ಕ ಮೊಣಕಾಲು ಸ್ವಲ್ಪ ಬಗ್ಗಿಸಿ, ಒಂದು ಕೈಯನ್ನು ನೀರಿನ ಟ್ಯಾಂಕಿಗೆ ಊರಿ, ಯಲಹಂಕದ ಆಕಾಶವನ್ನು ನೋಡುತ್ತ ಕೂಗುತ್ತಿದ್ದರು. ನಲವತ್ತೈದು ದಾಟದ ಹೆಂಗಸಿನ ಬಾಯಿಂದ ತೊಂಬತ್ತರ ದನಿ. ನಮ್ಮನ್ನು ಕಂಡು ನಾಚಿಕೊಂಡರು. ಅಪ್ಪ ಬಹಳ ಹೊತ್ತು ಅವರ ಮುಖ ನೋಡಿ, ‘ತಾಯಿ, ಆ ಮುದ್ಕಿ ನೀನೇನಾ?’ ಎಂದ.

ಅಂದಿನಿಂದ ಅವರ ಸಂಜೆಗಳು ನಮ್ಮ ನಡುಮನೆಯಲ್ಲಿ ಕಳೆಯತೊಡಗಿದವು. ಅಪ್ಪನ ಪ್ರಶ್ನೆಗಳಿಗೆ ಲೆಕ್ಕವಿರಲಿಲ್ಲ. ಆ ಹಿಮದಲ್ಲಿ ಬಸವ ಏನು ಮೇಯುತ್ತದೆ? ಅಷ್ಟು ದೊಡ್ಡ ಪ್ರಾಣಿಯ ಗೊರಸಿಗೆ ಲಾಳ ಯಾರು ಕಟ್ಟುತ್ತಾರೆ? ಮಳೆಯಲ್ಲಿ ನೆನೆದರೆ ಮೈ ಒಣಗುವುದು ಹೇಗೆ? ಅವರು ನಗುತ್ತ, ನನಗೂ ಗೊತ್ತಿಲ್ಲ, ನನಗೆ ಅವರು ತೋರಿಸುವುದು ಮುದುಕಿಯ ಬಾಯಿ ಮಾತ್ರ ಎನ್ನುತ್ತಿದ್ದರು. ಅದು ನಿಜ. ಆರ್.ಟಿ. ನಗರದ ಹಿಂಬದಿಯ ಬೀದಿಯೊಂದರಲ್ಲಿದ್ದ ಸ್ಟುಡಿಯೋದ ಸಣ್ಣ ಕೋಣೆಯಲ್ಲಿ ಅವರ ಮುಂದಿನ ಪರದೆಯನ್ನು ಮುಕ್ಕಾಲು ಕಪ್ಪು ಮಾಡಿರುತ್ತಿದ್ದರಂತೆ, ಕಥೆ ಹೊರಗೆ ಹೋಗದಿರಲೆಂದು. ಕಪ್ಪಿನ ನಡುವೆ ಒಂದು ಸುಕ್ಕುಬಾಯಿ ತೆರೆಯುತ್ತ ಮುಚ್ಚುತ್ತ ಇರುತ್ತದೆ. ಅದಕ್ಕೆ ಕನ್ನಡ ತುಂಬಬೇಕು.

‘ಬಸವ’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಮೂಲದಲ್ಲಿ ಆ ಪ್ರಾಣಿಗೆ ನಾಲಿಗೆ ಹೊರಳದ ಹೆಸರೊಂದಿತ್ತು. ಸ್ಟುಡಿಯೋದವರು ಅದನ್ನು ಹಾಗೇ ಇಟ್ಟುಕೊಳ್ಳಿ ಎಂದಿದ್ದರಂತೆ. ಆದರೆ ಮುದುಕಿ ಅದನ್ನು ಕರೆಯುವಾಗ ಮೊದಲು ತುಟಿ ಮುಚ್ಚಿ ತೆರೆಯುತ್ತಾಳೆ. ತುಟಿ ಮುಚ್ಚಬೇಕಾದರೆ ಪ ಬರಬೇಕು, ಬ ಬರಬೇಕು, ಇಲ್ಲ ಮ ಬರಬೇಕು. ಬೇರೆ ಅಕ್ಷರ ಹಾಕಿದರೆ ನೋಡುವವರ ಕಣ್ಣಿಗೆ ಏನೋ ಕಸ ಬಿದ್ದಂತಾಗುತ್ತದೆ. ಅಕ್ಕ ಯೋಚಿಸದೆ, ತನ್ನ ತವರಿನ ಹಿತ್ತಲಿನಲ್ಲಿ ಕೂಗುವಂತೆ ‘ಬಸವಾ’ ಅಂದುಬಿಟ್ಟರು. ಡಬ್ಬಿಂಗ್ ನಿರ್ದೇಶಕರು ಅದನ್ನೇ ಉಳಿಸಿಕೊಂಡರು. ಇದನ್ನು ಕೇಳಿದ ಮೇಲೆ ಅಪ್ಪ ವಾರಗಟ್ಟಲೆ ಟಿವಿಯಲ್ಲಿ ಎಲ್ಲರ ತುಟಿಯನ್ನೇ ನೋಡುತ್ತಿದ್ದ. ವಾರ್ತೆ ಓದುವವರನ್ನೂ ಬಿಡಲಿಲ್ಲ.

ನನಗೆ ಕುತೂಹಲವಿದ್ದದ್ದು ಬೇರೆ ವಿಷಯದಲ್ಲಿ. ಕುರ್ಚಿಯ ಮೇಲೆ ಕೂತು, ಎದುರಿಗೆ ಯಾರೂ ಇಲ್ಲದೆ, ಬೆಟ್ಟ ಹತ್ತುವ ಏದುಸಿರನ್ನು ಅವರು ಎಲ್ಲಿಂದ ತರುತ್ತಾರೆ? ಕೇಳಿದಾಗ, ಅಂಥ ದೃಶ್ಯವಿದ್ದ ದಿನ ಸ್ಟುಡಿಯೋದ ಮೆಟ್ಟಿಲುಗಳನ್ನು ಹತ್ತಿಳಿದು ದಣಿದೇ ಒಳಗೆ ಹೋಗುತ್ತೇನೆ ಅಂದರು. ಕೂತು ಮಾತಾಡಿದರೆ ಕೂತ ಮಾತೇ ಬರುತ್ತದಂತೆ. ‘ಮಾತು ಹುಟ್ಟೂದು ಬಾಯಾಗ ಅಲ್ಲ ತಂಗಿ, ಕಾಲಾಗ’ ಎಂಬುದು ಅವರ ಮಾತು. ಶಾಲೆಯ ದಿನಗಳಿಂದಲೂ ನಾಟಕವೆಂದರೆ ಅವರಿಗೆ ಮುದುಕಿಯ ಪಾತ್ರವೇ ಸಿಗುತ್ತಿತ್ತಂತೆ. ಹುಡುಗಿಯಾಗಿದ್ದಾಗ ಅದಕ್ಕೆ ಅಳುತ್ತಿದ್ದೆ, ಈಗ ಅದೇ ನನಗೆ ಅನ್ನ ಹಾಕುತ್ತಿದೆ ಎನ್ನುತ್ತಿದ್ದರು.

ಮೂರನೆಯ ಸೀಸನ್ನಿನ ಕೊನೆಯಲ್ಲಿ ಅಣ್ಣತಂಗಿ ಹಿಮದ ಸೇತುವೆ ದಾಟುವಾಗ ಸೇತುವೆ ಮುರಿಯುತ್ತದೆ. ಮಕ್ಕಳು ಈಚೆ ದಡದಲ್ಲಿ, ಬಸವ ಆಚೆ ದಡದಲ್ಲಿ. ಅದು ಒಂದಿಷ್ಟು ಹೊತ್ತು ನಿಂತು, ತಿರುಗಿ, ಮಂಜಿನೊಳಕ್ಕೆ ನಡೆದುಹೋಗುತ್ತದೆ. ಅಲ್ಲಿಗೆ ಮುಗಿಯಿತು. ಮುಂದಿನದಕ್ಕೆ ವರ್ಷಗಟ್ಟಲೆ ಕಾಯಬೇಕಾಯಿತು. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಊಹೆ. ಅಪ್ಪ ಯಾವ ಊಹೆಯನ್ನೂ ಮಾಡಲಿಲ್ಲ. ಆಗಾಗ ಊಟದ ನಡುವೆ, ಯಾವ ಮಾತಿಗೂ ಸಂಬಂಧವಿಲ್ಲದೆ, ‘ಅದು ಎಲ್ಲಿಗೋಯ್ತು ಅಂತ’ ಎನ್ನುತ್ತಿದ್ದ.

ಆ ಕಾಯುವಿಕೆಯ ಕಾಲದಲ್ಲೇ ಅಪ್ಪನ ಶ್ವಾಸಕೋಶ ಕೆಟ್ಟಿತು. ಆಸ್ಪತ್ರೆಗೆ ಹೋದೆವು, ಬಂದೆವು, ಮತ್ತೆ ಹೋದೆವು. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಅವರು ಇಷ್ಟಪಟ್ಟದ್ದು ಮಾಡಿಕೊಡಿ ಎಂದರು. ನಡುಮನೆಯಲ್ಲಿ ಟಿವಿಯ ಎದುರಿಗೇ ಮಂಚ ಹಾಕಿದೆ. ಪಕ್ಕದಲ್ಲಿ ಆಕ್ಸಿಜನ್ ಮೆಷಿನ್ನು ಸದ್ದು ಮಾಡುತ್ತಿತ್ತು. ಅಪ್ಪ ಇಷ್ಟಪಟ್ಟದ್ದು ಒಂದೇ. ಕೊನೆಯ ಸೀಸನ್ನು ಬರುವುದು ಯಾವಾಗ ಎಂದು ದಿನವೂ ಕೇಳುತ್ತಿದ್ದ. ಅದು ಬರುವವರೆಗೆ ಅಪ್ಪ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತೆಂದು ಕಾಣುತ್ತದೆ.

ಅದೇ ಹೊತ್ತಿಗೆ ಅದರ ಡಬ್ಬಿಂಗ್ ನಡೆಯುತ್ತಿತ್ತು. ಈ ಸಲ ಮೇಲ್ಮನೆ ಅಕ್ಕನಿಗೆ ಮುದುಕಿಯ ದನಿಯ ಜೊತೆಗೆ ಎಲ್ಲ ಕಂತುಗಳ ಕನ್ನಡವನ್ನೂ ನೋಡಿಕೊಳ್ಳುವ ಕೆಲಸ ಕೊಟ್ಟಿದ್ದರು. ಅಂದರೆ ಅವರಿಗೆ ಕಥೆ ಪೂರ್ತಿ ಗೊತ್ತು. ಆ ದಿನಗಳಲ್ಲಿ ಅವರು ನಮ್ಮ ಬಾಗಿಲಿನ ಮುಂದೆ ತಲೆ ತಗ್ಗಿಸಿ ಬೇಗ ಬೇಗ ಹಾದುಹೋಗುತ್ತಿದ್ದರು. ಒಂದು ಸಂಜೆ ಮೆಟ್ಟಿಲ ಬಳಿ ತಡೆದು ನಿಲ್ಲಿಸಿದೆ. ಪೂರ್ತಿ ಕಥೆ ಬೇಡ, ಬಸವನದೊಂದೇ ಹೇಳಿಬಿಡಿ, ಅಪ್ಪ ಯಾರಿಗೆ ಹೋಗಿ ಹೇಳಬೇಕು ಎಂದು ಕೇಳಿಕೊಂಡೆ. ಅವರು ಶಾಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತರು. ಆಮೇಲೆ, ‘ಯಾರಿಗೂ ಕಥಿ ಹೇಳೂದಿಲ್ಲಂತ ಸಹಿ ಮಾಡಿ ಕೊಟ್ಟೀನಿ ತಂಗಿ. ಹೇಳಿದ್ರ ನನ್ನ ಒಬ್ಬಾಕಿ ಕೆಲಸ ಹೋಗೂದಿಲ್ಲ, ನನ್ನ ನಂಬಿದವ್ರದ್ದೂ ಹೋಗ್ತದ’ ಎಂದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ.

ಅದಾದ ಕೆಲವೇ ದಿನಗಳಲ್ಲಿ ಅವರು ತಾವಾಗಿಯೇ ಬಂದರು. ನಾನು ಅಂಗಡಿಯಲ್ಲಿದ್ದೆ. ಮೇಲೆ ಬಂದು ನೋಡಿದರೆ ಅಪ್ಪನ ಮಂಚದ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ. ಕಥೆ ಹೇಳುತ್ತಿರಲಿಲ್ಲ, ಕೇಳುತ್ತಿದ್ದರು. ಎತ್ತಿಗೆ ನೊಗ ಅಭ್ಯಾಸ ಮಾಡಿಸುವುದು ಹೇಗೆ, ಜೋಡಿಯಲ್ಲಿ ಒಂದು ಮುನಿಸಿಕೊಂಡರೆ ಇನ್ನೊಂದು ಏನು ಮಾಡುತ್ತದೆ, ಕತ್ತಲಲ್ಲಿ ಅದು ಮನೆಯ ದಾರಿ ಹುಡುಕುವುದು ಕಣ್ಣಿನಿಂದಲೋ ಮೂಗಿನಿಂದಲೋ. ಅಪ್ಪ ಉಸಿರು ಹಿಡಿದು ಹಿಡಿದು ಉತ್ತರ ಕೊಡುತ್ತಿದ್ದ. ಹೀಗೇ ಒಂದೆರಡು ಸಂಜೆ ಕಳೆಯಿತು. ಅವರು ಸಾಯುತ್ತಿರುವವನ ಜೊತೆ ಹೊತ್ತು ಕಳೆಯಲು ಬರುತ್ತಿದ್ದಾರೆ, ಒಳ್ಳೆಯ ಮನಸ್ಸು ಎಂದಷ್ಟೇ ಅಂದುಕೊಂಡೆ.

ಆಮೇಲೊಂದು ಸಂಜೆ ಅವರು ಅಪ್ಪನ ಕಡೆ ಬಾಗಿ, ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡ್ರಿ ಕಾಕಾ ಎಂದರು. ಅಪ್ಪ ಕೈ ಚಾಚಿದ. ಅವರು ಮುದುಕಿಯ ದನಿಯಲ್ಲಿ ಶುರು ಮಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಸೇತುವೆ ಮುರಿದ ಮೇಲೆ ಬಸವ ಓಡಲಿಲ್ಲ, ಕೂಗಲಿಲ್ಲ. ಹೊಳೆ ಹರಿಯುವ ದಿಕ್ಕು ಹಿಡಿದು ನಡೆಯಿತು. ಎರಡು ದಾರಿ ಕೂಡಿದ ಕಡೆಯೆಲ್ಲ ನಿಂತು ಒಂದೇ ದಿಕ್ಕಿಗೆ ಮುಖ ತಿರುಗಿಸುತ್ತಿತ್ತು. ಹಾದಿಯಲ್ಲಿ ಒಂದು ಊರಿನವರು ಅದನ್ನು ಹಿಡಿದು ಕಟ್ಟಿದರು, ಕಲ್ಲು ಹೊರಿಸಿದರು. ಅವರು ಕೆಟ್ಟವರಲ್ಲ, ಹುಲ್ಲು ಹಾಕುತ್ತಿದ್ದರು. ಆದರೂ ಒಂದು ದಿನ ಗಾಳಿಯಲ್ಲಿ ಕೆರೆಯ ಒದ್ದೆ ಮಣ್ಣಿನ ವಾಸನೆ ಬಂತು, ಅದು ಹಗ್ಗ ಹರಿದುಕೊಂಡು ಹೊರಟಿತು. ಅಪ್ಪ ನಡುವೆ ಬಾಯಿ ಹಾಕಿ, ಹಗ್ಗವೋ ಸರಪಳಿಯೋ ಎಂದು ಕೇಳಿದ. ಹಗ್ಗ ಅಂದರು. ಅಪ್ಪ, ಹಾಗಾದರೆ ಸರಿ, ಸರಪಳಿ ಆಗಿದ್ದರೆ ಹರಿಯುತ್ತಿರಲಿಲ್ಲ ಎಂದು ಒಪ್ಪಿದ. ದಿನವೂ ಸ್ವಲ್ಪ ಸ್ವಲ್ಪವೇ ಹೇಳಿ ಎದ್ದುಬಿಡುತ್ತಿದ್ದರು. ಮರುದಿನ ಅಪ್ಪ ಬೆಳಿಗ್ಗೆಯಿಂದಲೇ ಬಾಗಿಲು ನೋಡುತ್ತಿದ್ದ. ನೋವಿಗೆ ಕೊಡುವ ಮಾತ್ರೆಯ ಹೊತ್ತು ಮರೆತರೂ ಅವರು ಬರುವ ಹೊತ್ತು ಮರೆಯುತ್ತಿರಲಿಲ್ಲ.

ಒಂದು ಸಂಜೆ ಅವರು ಹೋದಮೇಲೆ ಅಪ್ಪ ನನ್ನನ್ನು ಹತ್ತಿರ ಕರೆದ. ‘ಅವ್ಳು ನೋಡಿದ್ದು ಏಳ್ತಿಲ್ಲ ಕಣವ್ವ. ಕಟ್ಟಿ ಏಳ್ತಾವ್ಳೆ’ ಎಂದ. ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ‘ಅದು ಪುಟ್ಟೇನಳ್ಳಿ ಕೆರೆ’ ಎಂದ. ಆಮೇಲೆ, ‘ನೀನೇನೂ ಕೇಳಕ್ಕೋಗ್ಬೇಡ. ನಾಳೀಕೂ ಬರ್ಲಿ’ ಎಂದು ಕಣ್ಣು ಮುಚ್ಚಿದ. ಸೀರಿಯಲ್ಲಿನ ಹಿಮದ ನಾಡಿಗೂ ನಮ್ಮ ಕೆರೆಗೂ ಏನು ಸಂಬಂಧ? ಔಷಧಿಯ ಮಂಪರಿನಲ್ಲಿ ಏನೋ ಹೇಳುತ್ತಿದ್ದಾನೆ ಅಂದುಕೊಂಡು ಹೊದಿಕೆ ಸರಿಮಾಡಿದೆ.

ಕೊನೆಯ ದಿನ ಅವರು ಹೇಳಿದ್ದು ಇಷ್ಟು. ಯುದ್ಧ ಮುಗಿದಿದೆ. ಅಣ್ಣನನ್ನು ರಾಜ ಮಾಡುತ್ತಿದ್ದಾರೆ, ಊರಿಗೂರೇ ಅಲ್ಲಿದೆ. ತಂಗಿ ಮಾತ್ರ ಕಾಡಿನಲ್ಲಿದ್ದ ಮುದುಕಿಯ ಖಾಲಿ ಮನೆಗೆ ಬಂದು ಒಲೆ ಹೊತ್ತಿಸುತ್ತಾಳೆ. ಹೊರಗೆ ಬಂದರೆ ಕೆರೆಯಂಚಿನಲ್ಲಿ ಏನೋ ನಿಂತಿದೆ. ಮೈಯ ಕೂದಲೆಲ್ಲ ಉದುರಿ, ಪಕ್ಕೆಲುಬು ಕಾಣುತ್ತ, ಗುರುತೇ ಸಿಗದಂತಾಗಿದೆ. ಅವಳು ಕರೆಯುವುದಿಲ್ಲ. ಅದೂ ಬರುವುದಿಲ್ಲ. ಅವಳು ನಿಧಾನಕ್ಕೆ ಹೋಗಿ ಪಕ್ಕದಲ್ಲಿ ನಿಂತು, ಕೈಯನ್ನು ಹಾಗೇ ಇಳಿಬಿಡುತ್ತಾಳೆ.

ಅಕ್ಕ ಅಲ್ಲಿಗೆ ನಿಲ್ಲಿಸಿದರು.

‘ಮೂಸ್ತಾ?’ ಅಂದ ಅಪ್ಪ.

‘ಮೂಸಿತ್ರಿ ಕಾಕಾ.’

‘ಸಿಟ್ಟಿರ್ಲಿಲ್ವಾ ಅದ್ಕೆ?’

ಅವರು ಮುದುಕಿಯ ದನಿ ಬಿಟ್ಟು ತಮ್ಮದೇ ದನಿಯಲ್ಲಿ, ‘ಇತ್ತು. ಅದಕ್ಕ ಒಂದೀಟು ಹೊತ್ತು ಮಾರಿ ತಿರುಗಿಸಿ ನಿಂತಿತ್ತು. ಆಮ್ಯಾಲ ಮೂಸಿತು’ ಎಂದರು.

ಅಪ್ಪ ತಲೆಯಾಡಿಸಿದ. ಆ ವಾರ ಕಳೆಯುವುದರೊಳಗೆ, ಒಂದು ಬೆಳಿಗ್ಗೆ ನಾನು ಕಾಫಿ ಸೋಸುತ್ತಿರುವಾಗ ತೀರಿಕೊಂಡ.

ಕೊನೆಯ ಸೀಸನ್ನು ಬಂದಾಗ ನಾನು ಒಬ್ಬಳೇ ಕೂತು ನೋಡಿದೆ. ರಾಜಕುಮಾರನ ಮೇಲೆ ಆಸೆಯೇನೂ ಉಳಿದಿರಲಿಲ್ಲ. ಕಾಡಿನ ಮನೆ, ಕೆರೆಯಂಚು, ಇಳಿಬಿಟ್ಟ ಕೈ. ಅದೊಂದಕ್ಕಾಗಿ ಕಂತಿನ ಮೇಲೆ ಕಂತು ಕಾದೆ. ಯುದ್ಧವಾಯಿತು, ಪಟ್ಟಾಭಿಷೇಕವಾಯಿತು, ಹೆಸರುಗಳು ಪರದೆಯ ಮೇಲೆ ಏರಿಹೋದವು. ಬಸವ ಬರಲಿಲ್ಲ. ಸತ್ತಿತೆಂದೂ ಇಲ್ಲ, ಬದುಕಿತೆಂದೂ ಇಲ್ಲ. ಇಡೀ ಸೀಸನ್ನಿನಲ್ಲಿ ಅದರ ಹೆಸರನ್ನು ಮುದುಕಿಯೂ ಸೇರಿ ಯಾರೂ ಎತ್ತಲಿಲ್ಲ. ನಮ್ಮ ಗುಂಪಿನಲ್ಲಿ ಬೆಂಕಿ ಬಿದ್ದಂತಾಗಿತ್ತು. ಇಷ್ಟು ವರ್ಷ ಕಾಯಿಸಿ ಮರೆತೇಬಿಟ್ಟರಲ್ಲ ಎಂದು ಜನ ಬೈಯುತ್ತಿದ್ದರು.

ನಾನು ಮೇಲಕ್ಕೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಒಲೆ ಆರಿಸಿ, ಹಿಟ್ಟಿನ ಕೈ ತೊಳೆದುಕೊಳ್ಳದೆ ನೆಲದ ಮೇಲೆ ಕೂತರು.

‘ನೀ ಮೆಟ್ಟಿಲ ಹತ್ರ ಕೇಳಿದಾಗ ನಾ ಏನೋ ಮುಚ್ಚಿಡಾಕತ್ತೀನಿ ಅಂತ ತಿಳಿದಿ’ ಎಂದರು. ‘ಮುಚ್ಚಿಡಾಕ ಏನೂ ಇರಲಿಲ್ಲ. ಬರದವ್ರು ಅದನ್ನ ಮರತಿದ್ರು. ಎಲ್ಲಾ ಕಂತು ನೋಡಿ ಮುಗಿಸಿದ ದಿನ ಬಸ್ಸಿನಾಗ ಬರುವಾಗ ನಿಮ್ಮಪ್ಪಗ ಏನ್ ಹೇಳಲಿ ಅಂತ ಅದ ಚಿಂತಿ.’

ಬಸವ ಬರುವುದೇ ಇಲ್ಲ ಎಂದು ಹೇಳಲು ಅವರಿಗೆ ಬಾಯಿ ಬಂದಿರಲಿಲ್ಲ. ಸುಳ್ಳು ಹೇಳೋಣವೆಂದರೆ, ದನಕರುಗಳ ವಿಷಯದಲ್ಲಿ ಅಪ್ಪನನ್ನು ನಂಬಿಸುವುದು ಸುಲಭವಲ್ಲ. ಅದಕ್ಕೇ ಮೊದಲು ಕೇಳಲು ಬಂದಿದ್ದರು. ಕೇಳುತ್ತ ಹೋದಂತೆ ಅಪ್ಪ ನನಗೆ ಎಂದೂ ಹೇಳದ ಒಂದು ವಿಷಯವನ್ನು ಅವರಿಗೆ ಹೇಳಿದ್ದ.

ಹೊಲ ಲೇಔಟ್ ಆದ ವರ್ಷ ಅಪ್ಪ ತನ್ನ ಕೊನೆಯ ಜೋಡಿ ಎತ್ತುಗಳನ್ನು ಬೇರೆ ಬೇರೆ ಮಾರಿದ್ದ. ಎಡಗಡೆ ಹೂಡುತ್ತಿದ್ದ ಎತ್ತು ರಾಜಾನುಕುಂಟೆಯ ಕಡೆಯ ಒಬ್ಬರಿಗೆ ಹೋಯಿತು. ಆ ಎತ್ತಿಗೆ ಒಂದು ಚಾಳಿ. ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ ಬಂದರೆ ನಿಂತು ನೀರಿನ ವಾಸನೆ ಹಿಡಿಯದೆ ಹೆಜ್ಜೆ ಇಡುತ್ತಿರಲಿಲ್ಲ. ಕೊಂಡವರು ಆಮೇಲೆ ಸಿಕ್ಕಾಗ, ನಿಮ್ಮ ಎತ್ತು ದಾರಿ ಕವಲೊಡೆಯುವಲ್ಲೆಲ್ಲ ನಿಂತು ನಿಮ್ಮೂರ ಕಡೆ ಮುಖ ತಿರುಗಿಸುತ್ತದೆ ಎಂದಿದ್ದರಂತೆ. ಹೋಗಿ ನೋಡಿಬರಬೇಕೆಂದು ಅಪ್ಪ ಎಷ್ಟೋ ಸಲ ಹೊರಟು ನಿಂತಿದ್ದ. ನೋಡಿದರೆ ಅದು ಹಿಂದೆ ಬರುತ್ತದೆ, ಬಂದರೆ ಎಲ್ಲಿ ಕಟ್ಟುವುದು, ಕೊಟ್ಟಿಗೆಯಿದ್ದ ಕಡೆ ಆಗಲೇ ಪಾಯ ತೋಡಿದ್ದಾರೆ ಎಂದು ಹೋಗಲಿಲ್ಲ. ಅದು ಎಲ್ಲಿ ಸತ್ತಿತು, ಹೇಗೆ ಸತ್ತಿತು, ಅಪ್ಪನಿಗೆ ಗೊತ್ತೇ ಆಗಲಿಲ್ಲ.

‘ಕೇಳಾವ್ರ ಹತ್ರನ ಇರ್ತದ ತಂಗಿ ಮುಕ್ಕಾಲು ಕಥಿ’ ಎಂದರು ಅಕ್ಕ. ‘ನಾ ಬರೇ ಹಿಮ ಹಾಕೀನಿ.’

ಅಪ್ಪ ನನ್ನ ಹತ್ತಿರ ಆಡಿದ್ದ ಮಾತನ್ನು ಆಗ ಅವರಿಗೆ ಹೇಳಿದೆ. ಕಟ್ಟಿ ಹೇಳ್ತಾವ್ಳೆ ಎಂದದ್ದು, ಅದು ನಮ್ಮ ಕೆರೆ ಎಂದದ್ದು, ನೀನು ಕೇಳಬೇಡ, ನಾಳೆಯೂ ಬರಲಿ ಎಂದದ್ದು.

‘ಗೊತ್ತಿತ್ತೇನ ಅವರಿಗೆ’ ಎಂದರು. ಆಮೇಲೆ, ‘ಗೊತ್ತಿದ್ದೂ ಮರುದಿನ ಕೇಳಿದ್ರಲ್ಲ, ಮುಂದ ಏನಾತು ಅಂತ.’

ಅಕ್ಕ ಅತ್ತರು. ಪರದೆಯ ಮೇಲೆ ಯಾರ್ಯಾರಿಗೋ ಎಷ್ಟೆಷ್ಟೋ ಬಗೆಯಲ್ಲಿ ಅತ್ತುಕೊಟ್ಟ ಹೆಂಗಸು. ತಮ್ಮ ಅಳು ಬಂದಾಗ ಅದಕ್ಕೆ ಸದ್ದೇ ಇರಲಿಲ್ಲ. ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗಾಯಿತು. ನಾನು ಅದನ್ನು ತೋರಿಸಿದೆ, ಇಬ್ಬರೂ ಸ್ವಲ್ಪ ನಕ್ಕೆವು.

ಅವರ ಗಂಡನಿಗೆ ನಿವೃತ್ತಿಯಾಗಿ ಕಳೆದ ವರ್ಷ ಅವರು ಗದಗಿಗೆ ಹೋದರು. ಈಗ ಅಲ್ಲೇ ಮನೆಯ ಒಂದು ಕೋಣೆಗೆ ಹೊರಗಿನ ಸದ್ದು ಬರದಂತೆ ಕಂಬಳಿ ಹೊಡೆದು, ದನಿ ರೆಕಾರ್ಡ್ ಮಾಡಿ ಕಳಿಸುತ್ತಾರಂತೆ. ಅವರು ಹೋದ ಮೇಲೆ ಒಂದು ದಿನ ಗುಂಪಿನಲ್ಲಿ ಯಾರೋ ಮತ್ತೆ ಬಸವನ ಮಾತೆತ್ತಿದರು. ನಾನು ಕೂತು, ಸೇತುವೆ ಮುರಿದಲ್ಲಿಂದ ಶುರುಮಾಡಿ, ಅವರು ಹೇಳಿದ ಹಾಗೇ ಟೈಪು ಮಾಡಿ ಹಾಕಿದೆ. ಯಾರ ಹೆಸರನ್ನೂ ಹಾಕಲಿಲ್ಲ. ಇದು ಯಾವ ಕಂತಿನಲ್ಲಿದೆ, ನಾವು ನೋಡೇ ಇಲ್ಲವಲ್ಲ ಎಂದು ಕೆಲವರು ಕೇಳಿದರು. ಕಲಬುರಗಿಯ ಒಬ್ಬ ಹೆಂಗಸು ಮಾತ್ರ ಬೇರೆ ಕೇಳಿದಳು: ಅಷ್ಟು ಬಡವಾದ ಪ್ರಾಣಿ ಆ ಚಳಿಗಾಲ ದಾಟಿತೇ?

ಅಕ್ಕನಿಗೆ ಫೋನು ಮಾಡಿದೆ. ಅವರು ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ‘ಆ ಕಾಡಿನ ಮನಿಯಾಗ ಮೇವು ಎಲ್ಲಿಟ್ಟಿದ್ರು ತಂಗಿ?’ ಎಂದು ಕೇಳಿದರು.

ನನಗೇನು ಗೊತ್ತು ಅಕ್ಕಾ ಎನ್ನಲು ಹೊರಟೆ. ಅಂಗಡಿಯ ಹೊರಗೆ ಲಾರಿಯಿಂದ ಟೈಲ್ಸ್ ಡಬ್ಬಗಳು ಇಳಿಯುತ್ತಿದ್ದವು, ಗಿರಾಕಿಯೊಬ್ಬರು ಬಾತ್‌ರೂಮಿನ ಸ್ಯಾಂಪಲ್ ಹಿಡಿದು ಕಾಯುತ್ತಿದ್ದರು. ಆದರೆ ಅಪ್ಪ ಹುಲ್ಲಿನ ಮೆದೆ ಒಟ್ಟುತ್ತಿದ್ದದ್ದು ನಾನು ಚಿಕ್ಕವಳಿದ್ದಾಗ ನೋಡಿದ್ದು ನೆನಪಾಯಿತು. ಮನೆಯ ಹಿಂದೆ, ಗಾಳಿ ಬೀಸದ ಮಗ್ಗುಲಲ್ಲಿ, ಕೆಳಗೆ ಕಲ್ಲು ಕೊಟ್ಟು ಒಟ್ಟುತ್ತಿದ್ದ. ಅದನ್ನು ಹೇಳಿದೆ. ‘ಹೂಂ’ ಎಂದರು ಅವರು, ‘ಮುಂದ?’

ಗಿರಾಕಿಗೆ ಕೈಸನ್ನೆಯಲ್ಲೇ ಕೂರಲು ಹೇಳಿ, ನಾನು ಮುಂದಕ್ಕೆ ಹೇಳತೊಡಗಿದೆ.